‘ಡಿರೊಗೇಷನ್’: ಒಂದು ಶಬ್ದದ ವಿಚಾರ

ಶಬ್ದಗಳಿಗೂ ಮನುಷ್ಯರಂತೆ ಕುಲಗೋತ್ರಗಳುಂಟು. ಹುಟ್ಟಿದ ಊರು ಒಂದು, ಬೆಳೆದ ಊರು ಇನ್ನೊಂದು, ಬಾಳುವೆ ಮಾಡುವ ಊರು ಮತ್ತೊಂದು. ಎಷ್ಟೋ ಶಬ್ದಗಳನ್ನು ನಾವು ಅವುಗಳ ಪೂರ್ವೋತ್ತರ ವಿಚಾರಿಸದೆ ದಿನವೂ ಬಳಸುತ್ತೇವೆ. ಅದರಿಂದ ಹಾನಿಯೇನೂ ಇಲ್ಲ. ಆದರೆ ಕಾನೂನಿನ ಶಬ್ದಗಳ ಮಾತು ಬೇರೆ. ಅಲ್ಲಿ ಅರ್ಥವು ಎಳ್ಳಷ್ಟು ಅತ್ತಿತ್ತ ಸರಿದರೂ ಒಬ್ಬನ ಹೊಲ ಹೋದೀತು, ಇನ್ನೊಬ್ಬನ ಸ್ವಾತಂತ್ರ್ಯ ಹೋದೀತು. ಆದುದರಿಂದ ಅಂಥ ಶಬ್ದವೊಂದರ ಕುಲಗೋತ್ರವನ್ನು ವಿಚಾರಿಸುವುದು ಪಂಡಿತರ ಕೆಲಸ ಮಾತ್ರವಲ್ಲ, ನಾಗರಿಕರ ಕೆಲಸವೂ ಹೌದು. ಈ ಲೇಖನದಲ್ಲಿ ‘ಡಿರೊಗೇಷನ್’ ಎಂಬ ಒಂದೇ ಶಬ್ದವನ್ನು ತೆಗೆದುಕೊಂಡು, ಅದರ ಅರ್ಥವೇನು, ಅದು ಎಲ್ಲಿಂದ ಬಂತು, ಅದರಿಂದ ನಮಗೇನು ಎಂಬುದನ್ನು ನನ್ನ ಅಳವಿಗೆ ತಕ್ಕಂತೆ ವಿವರಿಸಲು ಯತ್ನಿಸುತ್ತೇನೆ.

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಶಬ್ದ ಎದುರಾಗುವುದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ. ನಮ್ಮ ಸಂವಿಧಾನದ ೧೩ನೆಯ ಅನುಚ್ಛೇದದ ತಲೆಬರಹವು ಎರಡು ಬಗೆಯ ಕಾನೂನುಗಳನ್ನು ಹೆಸರಿಸುತ್ತದೆ. ಮೂಲಭೂತ ಹಕ್ಕುಗಳಿಗೆ ಹೊಂದಿಕೆಯಾಗದ ಕಾನೂನುಗಳು ಒಂದು ಬಗೆ. ಆ ಹಕ್ಕುಗಳ ‘ಡಿರೊಗೇಷನ್’ ಮಾಡುವ ಕಾನೂನುಗಳು ಇನ್ನೊಂದು ಬಗೆ. ಹೊಂದಿಕೆಯಾಗದಿರುವುದೆಂದರೆ ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ಏನು? ಸಂವಿಧಾನದ ಹಿಂದಿ ಪಾಠದಲ್ಲಿ ಇದಕ್ಕೆ ‘ಅಲ್ಪೀಕರಣ’ ಎಂಬ ಮಾತನ್ನು ಬಳಸಿದ್ದಾರೆ. ಸಂಸ್ಕೃತ ಶಬ್ದವಾದ ಕಾರಣ ಕನ್ನಡಿಗರಾದ ನಮಗೂ ಅದು ಅಪರಿಚಿತವಲ್ಲ. ಅಲ್ಪವಲ್ಲದ್ದನ್ನು ಅಲ್ಪವಾಗಿಸುವುದೇ ಅಲ್ಪೀಕರಣ. ಇರುವುದನ್ನು ಇಲ್ಲವಾಗಿಸದೆ, ಇದ್ದ ಹಾಗೆಯೇ ತೋರುವಂತೆ ಬಿಟ್ಟು, ಅದರ ಮೈಯಿಂದ ಒಂದಂಶವನ್ನು ತೆಗೆಯುವುದು. ಒಂದು ನಿಯಮವು ಪುಸ್ತಕದಲ್ಲಿ ಉಳಿದಿದೆ. ಆದರೆ ಇಂಥ ಕಾಲದಲ್ಲಿ, ಇಂಥವರ ವಿಷಯದಲ್ಲಿ, ಇಷ್ಟರಮಟ್ಟಿಗೆ ಅದು ನಡೆಯುವುದಿಲ್ಲ. ಇದೇ ಡಿರೊಗೇಷನ್.

ಅದೇ ಅನುಚ್ಛೇದದ ಎರಡನೆಯ ಉಪಭಾಗವನ್ನು ನೋಡಿದರೆ ಈ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ರಾಜ್ಯವು ಮೂಲಭೂತ ಹಕ್ಕುಗಳನ್ನು ಕಿತ್ತುಕೊಳ್ಳುವ ಕಾನೂನನ್ನೂ ಮಾಡಕೂಡದು, ಮೊಟಕುಗೊಳಿಸುವ ಕಾನೂನನ್ನೂ ಮಾಡಕೂಡದು ಎಂದು ಅಲ್ಲಿ ವಿಧಿಸಿದೆ. ಕಿತ್ತುಕೊಳ್ಳಬಾರದು ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಏನಾಗುತ್ತಿತ್ತು? ಹತ್ತು ಪಾಲಿನಲ್ಲಿ ಒಂಬತ್ತನ್ನು ಕತ್ತರಿಸಿ, ‘ಇಗೋ, ಹಕ್ಕು ಇನ್ನೂ ಇದೆಯಲ್ಲ’ ಎನ್ನಲು ಅವಕಾಶವಿರುತ್ತಿತ್ತು. ಸಂವಿಧಾನವನ್ನು ರಚಿಸಿದ ಹಿರಿಯರು ಆ ಬಾಗಿಲನ್ನೂ ಮುಚ್ಚಿದರು.

ರೋಮಿನ ಸಭೆಯಲ್ಲಿ

ಈಗ ಶಬ್ದದ ಹುಟ್ಟೂರಿಗೆ ಹೋಗೋಣ. ಅದು ಪ್ರಾಚೀನ ರೋಮ್. ಲ್ಯಾಟಿನ್ ಭಾಷೆಯಲ್ಲಿ ‘ರೊಗಾರೆ’ ಎಂದು ಒಂದು ಕ್ರಿಯಾಪದವುಂಟು. ಅದರ ಅರ್ಥ ‘ಕೇಳುವುದು’. ಕೇಳುವುದಕ್ಕೂ ಕಾನೂನನ್ನು ಕುಗ್ಗಿಸುವುದಕ್ಕೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಸಂಬಂಧವಿರುವುದು ರೋಮನ್ನರು ಶಾಸನ ಮಾಡುತ್ತಿದ್ದ ಕ್ರಮದಲ್ಲಿ.

ರೋಮ್ ಗಣರಾಜ್ಯವಾಗಿದ್ದ ಕಾಲದಲ್ಲಿ ಶಾಸನವು ಜನಸಭೆಯ ಮುಂದೆ ಬರಬೇಕಾಗಿತ್ತು. ಅಧಿಕಾರಿಯು ಸಭೆಯ ಮುಂದೆ ನಿಂತು, ನೀವು ಇದನ್ನು ಬಯಸುತ್ತೀರೋ, ಹೀಗೆ ಆಜ್ಞಾಪಿಸುತ್ತೀರೋ ಎಂದು ನಾಗರಿಕರನ್ನು ಕೇಳುತ್ತಿದ್ದನು. ಹೀಗೆ ಕೇಳುವುದರಿಂದಲೇ ಮಸೂದೆಗೆ ‘ರೊಗಾಶಿಯೊ’ ಎಂಬ ಹೆಸರಾಯಿತು. ಕ್ರಿಸ್ತಪೂರ್ವ ೧೩೧ರಲ್ಲಿ ಶಾಸನಗಳ ವಿಷಯದಲ್ಲೂ ಗುಪ್ತ ಮತದಾನ ಬಂದ ಮೇಲೆ ಸಣ್ಣ ಹಲಗೆಗಳ ಮೇಲೆ ಉತ್ತರ ಕೊಡುವ ಪದ್ಧತಿಯಾಯಿತು. ಒಪ್ಪಿಗೆಯಿದ್ದವನು ‘ನೀನು ಕೇಳಿದಂತೆ’ ಎಂಬರ್ಥದ ಅಕ್ಷರಗಳ ಗುರುತನ್ನೂ, ಒಪ್ಪದವನು ‘ಹಳೆಯದೇ ಇರಲಿ’ ಎಂಬರ್ಥದ ಗುರುತನ್ನೂ ಕೊಡುತ್ತಿದ್ದನು. ಆ ಸಭೆಯಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ, ಗುಲಾಮರಿಗೆ ಇರಲಿಲ್ಲ. ಧನಿಕರ ಮಾತಿಗೆ ತೂಕ ಹೆಚ್ಚು. ಇದನ್ನು ಮರೆಯಬಾರದು. ಆದರೂ ಒಂದು ತತ್ತ್ವ ಅಲ್ಲಿ ನೆಲೆಯೂರಿತ್ತು: ಕಾನೂನೆಂದರೆ ಕೇಳಿ ಮಾಡಬೇಕಾದದ್ದು.

ಕೇಳಿ ಮಾಡಿದ್ದನ್ನು ತೆಗೆಯಬೇಕಾದರೂ ಕೇಳಿಯೇ ತೆಗೆಯಬೇಕಷ್ಟೆ? ಆದ್ದರಿಂದ ಅದೇ ಧಾತುವಿಗೆ ಬೇರೆ ಬೇರೆ ಉಪಸರ್ಗಗಳನ್ನು ಹಚ್ಚಿ ರೋಮನ್ನರು ಹೊಸ ಶಬ್ದಗಳನ್ನು ಮಾಡಿಕೊಂಡರು. ಸಂಸ್ಕೃತದಲ್ಲಿ ‘ಹಾರ’ಕ್ಕೆ ಉಪಸರ್ಗ ಸೇರಿ ಆಹಾರ, ವಿಹಾರ, ಸಂಹಾರ, ಪರಿಹಾರಗಳಾದಂತೆಯೇ ಇದು. ‘ಆಬ್’ ಸೇರಿದರೆ ಶಾಸನವನ್ನು ಪೂರ್ತಿಯಾಗಿ ಕಿತ್ತೊಗೆಯುವುದು. ಇಂಗ್ಲಿಷಿನ ‘ಅಬ್ರೊಗೇಟ್’ ಇದರಿಂದ ಬಂದದ್ದು. ‘ಡೆ’ ಸೇರಿದರೆ ಶಾಸನದಿಂದ ಒಂದು ಭಾಗವನ್ನು ಮಾತ್ರ ತೆಗೆಯುವುದು. ಇದೇ ನಮ್ಮ ‘ಡಿರೊಗೇಟ್’. ‘ಸುಬ್’ ಸೇರಿದರೆ ಹಳೆಯ ಶಾಸನಕ್ಕೆ ಹೊಸದೊಂದನ್ನು ಕೂಡಿಸುವುದು. ‘ಒಬ್’ ಸೇರಿದರೆ ಅಡ್ಡಲಾಗಿ ಇನ್ನೊಂದು ಶಾಸನವನ್ನು ತಂದು ಮೊದಲಿನದನ್ನು ಮಾರ್ಪಡಿಸುವುದು. ಮೂರನೆಯ ಶತಮಾನದ ನ್ಯಾಯಶಾಸ್ತ್ರಜ್ಞನಾದ ಮೊಡೆಸ್ಟಿನಸ್ ಎಂಬವನು ಮೊದಲಿನ ಎರಡಕ್ಕೂ ಇರುವ ಭೇದವನ್ನು ಚಿಕ್ಕದಾಗಿ, ಚೊಕ್ಕವಾಗಿ ಹೇಳಿದ್ದಾನೆ: ಭಾಗವನ್ನು ಕಳೆದರೆ ಡಿರೊಗೇಷನ್, ಸಂಪೂರ್ಣವಾಗಿ ತೊಡೆದರೆ ಅಬ್ರೊಗೇಷನ್. ಚಕ್ರವರ್ತಿ ಜಸ್ಟಿನಿಯನ್ನನು ೫೩೩ರಲ್ಲಿ ಹೊರಡಿಸಿದ ‘ಡೈಜೆಸ್ಟ್’ ಎಂಬ ಮಹಾಸಂಗ್ರಹದಲ್ಲಿ ಶಬ್ದಾರ್ಥಗಳಿಗೆಂದೇ ಮೀಸಲಾದ ಪ್ರಕರಣವೊಂದುಂಟು. ಆ ಮಾತು ಅಲ್ಲಿ ಉಳಿದುಕೊಂಡು ಬಂದಿದೆ.

ಮೊಡೆಸ್ಟಿನಸ್ಸನಿಗಿಂತ ಬಹಳ ಹಿಂದೆಯೇ, ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ, ಸಿಸೆರೊ ಈ ಶಬ್ದಗಳನ್ನು ಇನ್ನೂ ಎತ್ತರದ ವಿಷಯಕ್ಕೆ ಅನ್ವಯಿಸಿದ್ದನು. ಎಲ್ಲ ಜನರಿಗೂ ಎಲ್ಲ ಕಾಲಕ್ಕೂ ಸಲ್ಲುವ ಪ್ರಕೃತಿಧರ್ಮವೆಂಬುದೊಂದುಂಟು. ಅದನ್ನು ಪೂರ್ತಿ ರದ್ದು ಮಾಡುವುದಂತಿರಲಿ, ಅದರಿಂದ ಒಂದಂಶವನ್ನು ಕಳೆಯುವುದಕ್ಕೂ ಯಾರಿಗೂ ಅಧಿಕಾರವಿಲ್ಲ ಎಂಬುದು ಅವನ ಅಭಿಪ್ರಾಯ. ಯಾವ ಸಭೆಯೂ ಕತ್ತರಿಸಲಾಗದ ಹಕ್ಕುಗಳು ಕೆಲವಾದರೂ ಇರಬೇಕು ಎಂಬ ಇಂದಿನ ವಿಚಾರದ ಬೀಜ ಇಲ್ಲಿಯೇ ಕಾಣುತ್ತದೆ. ಆ ಬೀಜ ಮೊಳೆತು ಮರವಾದ ಕಥೆಯನ್ನು ಮುಂದೆ ಹೇಳುತ್ತೇನೆ.

ಈ ‘ರೊಗಾರೆ’ಯ ವಂಶ ಬಹಳ ದೊಡ್ಡದು. ಪೊಲೀಸರು ಮಾಡುವ ‘ಇಂಟರಾಗೇಷನ್’, ರಾಜ್ಯಪಾಲರು ವಿಧಾನಮಂಡಲದ ಅಧಿವೇಶನವನ್ನು ಮುಕ್ತಾಯಗೊಳಿಸುವ ‘ಪ್ರೊರೊಗೇಷನ್’, ವಿಶೇಷಾಧಿಕಾರವೆಂಬ ಅರ್ಥದ ‘ಪ್ರಿರಾಗೆಟಿವ್’, ಅಹಂಕಾರಿಗೆ ಹೇಳುವ ‘ಅರೊಗಂಟ್’, ಬದಲಿಯವನೆಂಬ ಅರ್ಥದ ‘ಸರೊಗೇಟ್’ ಇವೆಲ್ಲ ಒಂದೇ ತಾಯಿಯ ಮಕ್ಕಳು. ಒಂದರಲ್ಲಿ ಮೇಲೆ ಬಿದ್ದು ಕೇಳುವುದುಂಟು, ಒಂದರಲ್ಲಿ ಮೊದಲು ಕೇಳಿಸಿಕೊಳ್ಳುವ ಹಿರಿಮೆಯುಂಟು, ಇನ್ನೊಂದರಲ್ಲಿ ತನ್ನದಲ್ಲದ್ದನ್ನು ತನಗೆಂದು ಕೇಳಿ ಪಡೆಯುವ ಗರ್ವವುಂಟು. ಎಲ್ಲದರ ಒಳಗೂ ‘ಕೇಳುವುದು’ ಅಡಗಿದೆ.

ನಮ್ಮ ಮಾತಿನಲ್ಲಿ

ಕನ್ನಡದಲ್ಲಿ ಈ ಅರ್ಥದ ಸುತ್ತಮುತ್ತ ಇರುವ ಮಾತುಗಳನ್ನು ಒಮ್ಮೆ ಪರಿಶೀಲಿಸುವುದು ಉಚಿತ. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೂ ಕೆಲವು ಕಾನೂನಿನ ಶಬ್ದಗಳು ಬರುತ್ತವೆ. ‘ರದ್ದು’ ಎಲ್ಲರಿಗೂ ಗೊತ್ತು. ‘ಮಾಫಿ’ ಗೊತ್ತು, ಸಾಲ ಮಾಫಿಯಾಯಿತೆ, ಕಂದಾಯ ಮಾಫಿಯಾಯಿತೆ ಎಂದು ವಿಚಾರಿಸುತ್ತಾರೆ. ‘ರಿಯಾಯಿತಿ’ಯೂ ಗೊತ್ತು. ಈ ಮೂರೂ ಅರಬ್ಬಿ ಮೂಲದವು; ಪಾರಸಿಯ ದಾರಿಯಿಂದ ಕಚೇರಿಯ ಭಾಷೆಗೆ ಬಂದು, ಅಲ್ಲಿಂದ ಜನರ ಬಾಯಿಗೆ ಬಂದವು. ‘ಸಡಿಲಿಕೆ’ ಎಂಬುದು ‘ಸಡಿಲ’ದಿಂದ ಬಂದುದು, ಅದು ಸಂಸ್ಕೃತದ ‘ಶಿಥಿಲ’ದ ತದ್ಭವ.

ಇವುಗಳಲ್ಲಿ ಡಿರೊಗೇಷನ್ನಿಗೆ ಸರಿಯಾಗಿ ಒಪ್ಪುವುದು ಯಾವುದು? ‘ರದ್ದು’ ಒಪ್ಪುವುದಿಲ್ಲ, ಅದು ಅಬ್ರೊಗೇಷನ್. ‘ಮಾಫಿ’ ಮತ್ತು ‘ರಿಯಾಯಿತಿ’ಗಳು ಪಡೆಯುವವನ ಕಡೆಯಿಂದ ನೋಡಿದ ಮಾತುಗಳು, ಒಬ್ಬನ ಹೆಗಲಿನಿಂದ ಭಾರ ಇಳಿಯಿತು ಎಂಬುದಷ್ಟೇ ಅವುಗಳ ಭಾವ. ಡಿರೊಗೇಷನ್ ನಿಯಮದ ಕಡೆಯಿಂದ ನೋಡಿದ ಮಾತು. ನಿಯಮದ ಬಲ ಎಷ್ಟು ಕಡಿಮೆಯಾಯಿತು ಎಂದು ಅದು ಲೆಕ್ಕ ಹಾಕುತ್ತದೆ. ‘ಸಡಿಲಿಕೆ’ ಸಮೀಪ ಬರುತ್ತದೆ. ಆದರೆ ಸಡಿಲವಾಗುವುದು ತಾನಾಗಿಯೂ ಆಗಬಹುದು: ಹಗ್ಗ ಹಳತಾದರೆ ಗಂಟು ಸಡಿಲವಾಗುತ್ತದೆ, ಯಾರೂ ಸಡಿಲಿಸಬೇಕಾಗಿಲ್ಲ. ಡಿರೊಗೇಷನ್ ತಾನಾಗಿ ಆಗುವುದಲ್ಲ, ಮಾಡುವುದು. ಮಾಡಿದವರು ಯಾರು, ಯಾರನ್ನು ಕೇಳಿ ಮಾಡಿದರು ಎಂಬ ಪ್ರಶ್ನೆ ಅದರ ಹೊಟ್ಟೆಯಲ್ಲೇ ಇದೆ.

ಈ ಭೇದ ಬರಿಯ ನಿಘಂಟಿನ ಭೇದವಲ್ಲವೆಂಬುದಕ್ಕೆ ನಮ್ಮ ಊರಿನದೇ ಒಂದು ನಿದರ್ಶನ ಕೊಡುತ್ತೇನೆ. ನಮ್ಮ ಊರಿನ ಕೆರೆಯ ಅಚ್ಚುಕಟ್ಟಿನಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯುಂಟು. ತೂಬು ಎತ್ತಿದಾಗ ಮೊದಲ ಸರದಿ ಕಾಲುವೆಯ ಕೊನೆಯಲ್ಲಿರುವ ಗದ್ದೆಗಳಿಗೆ, ಆಮೇಲೆ ಮೇಲಿನವುಗಳಿಗೆ. ತೂಬಿನ ಬಳಿಯ ಗದ್ದೆಗಳು ಹೇಗೂ ನೀರು ಕಾಣುತ್ತವೆ, ಕೊನೆಯವು ಕಾಣುವುದಿಲ್ಲ ಎಂಬುದು ಇದರ ನ್ಯಾಯ. ನಮ್ಮ ತಂದೆಯವರ ಎರಡು ತುಂಡು ಗದ್ದೆ ಇರುವುದು ಆ ಕೊನೆಯಲ್ಲಿ. ಒಂದು ವರ್ಷ ಮೇಲಿನವರೊಬ್ಬರ ಸಸಿಮಡಿ ಒಣಗುತ್ತದೆಂದು ಒಂದು ದಿನದ ಮಟ್ಟಿಗೆ ಸರದಿ ತಪ್ಪಿಸಿದರು. ಮರುವರ್ಷ ಎರಡು ದಿನವಾಯಿತು. ಆಮೇಲೆ ಕಬ್ಬು ಹಾಕಿದವರ ಸಲುವಾಗಿ, ಆಮೇಲೆ ಮದುವೆಯ ಸಲುವಾಗಿ, ಆಮೇಲೆ ಯಾವ ಸಲುವೂ ಇಲ್ಲದೆ. ನೀರುಗಂಟಿಯನ್ನು ಕೇಳಿದರೆ, ‘ಕಟ್ಟಳೆ ಹಂಗೇ ಐತಲ್ಲಪ್ಪ, ಯಾರು ತೆಗೆದವ್ರೆ?’ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಊರ ಹಿರಿಯರು ಇಂದಿಗೂ ಆ ಕಟ್ಟಳೆಯನ್ನು ಬಾಯಿಪಾಠ ಹೇಳುತ್ತಾರೆ. ಯಾವ ಪಂಚಾಯಿತಿಯೂ ಅದನ್ನು ರದ್ದು ಮಾಡಲಿಲ್ಲ. ರದ್ದು ಮಾಡುವುದಾಗಿ ಹೇಳಿದ್ದರೆ ನಮ್ಮ ತಂದೆಯವರೂ ಕೊನೆಯ ಗದ್ದೆಯ ಇತರರೂ ಎದ್ದು ನಿಂತು ‘ಬೇಡ’ ಎನ್ನುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಆದ್ದರಿಂದ ‘ಬೇಡ’ ಎನ್ನುವ ಸಂದರ್ಭವೇ ಬರಲಿಲ್ಲ. ಕಟ್ಟಳೆ ಉಳಿಯಿತು, ನೀರು ಹೋಯಿತು.

ನಿಯಮದ ಕೊಲೆಗೆ ಸಾಕ್ಷಿಗಳಿರುತ್ತಾರೆ. ನಿಯಮದ ಸವೆತಕ್ಕೆ ಇರುವುದಿಲ್ಲ. ಬಡವರ ಪಾಲಿಗೆ ಹೆಚ್ಚಾಗಿ ಆಗುವುದು ಸವೆತವೇ. ಆದುದರಿಂದಲೇ ಸವೆತಕ್ಕೂ ಒಂದು ಹೆಸರಿಟ್ಟು, ಅದಕ್ಕೂ ಕೇಳಬೇಕು, ಲೆಕ್ಕ ಕೊಡಬೇಕು ಎಂದು ವಿಧಿಸಿದ ರೋಮನ್ನರ ಬುದ್ಧಿಯನ್ನು ನಾನು ಮೆಚ್ಚುತ್ತೇನೆ.

ನ್ಯಾಯಾಲಯದಲ್ಲಿ

ಈ ಶಬ್ದವು ಇಂದು ನ್ಯಾಯಾಲಯಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಆಸ್ತಿಯ ಕಾನೂನಿನಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಸೂತ್ರವಿದೆ: ಕೊಟ್ಟವನು ತಾನು ಕೊಟ್ಟದ್ದನ್ನು ತಾನೇ ಅಲ್ಪಗೊಳಿಸಬಾರದು. ಒಬ್ಬನು ತನ್ನ ನಿವೇಶನದ ಒಂದು ಭಾಗವನ್ನು ಇಂಥ ಕಸುಬು ನಡೆಸುವುದಕ್ಕೆಂದೇ ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟನೆನ್ನಿ. ಆಮೇಲೆ ತನ್ನಲ್ಲಿ ಉಳಿದ ಭಾಗದಲ್ಲಿ ಏನಾದರೂ ಕಟ್ಟಿ, ಆ ಕಸುಬು ನಡೆಯಲಾರದಂತೆ ಮಾಡಿದರೆ ಅದು ಸಲ್ಲದು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಂತೆಗೆಯುವುದು ಕೊಟ್ಟಂತಾಗುವುದಿಲ್ಲ. ಸಾಮಾನ್ಯ ಶಾಸನವು ವಿಶೇಷ ಶಾಸನವನ್ನು ಅಲ್ಪಗೊಳಿಸುವುದಿಲ್ಲ ಎಂಬುದು ಇನ್ನೊಂದು ಹಳೆಯ ಸೂತ್ರ. ಒಂದು ವಿಷಯಕ್ಕೆಂದೇ ಯೋಚಿಸಿ ಮಾಡಿದ ನಿಯಮವನ್ನು, ಎಲ್ಲ ವಿಷಯಗಳನ್ನೂ ಕುರಿತ ಸಾಮಾನ್ಯ ನಿಯಮವೊಂದು ಬಂದು ಸದ್ದಿಲ್ಲದೆ ನುಂಗಿತು ಎಂದು ಸುಲಭವಾಗಿ ಭಾವಿಸಕೂಡದು ಎಂಬುದು ಇದರ ತಾತ್ಪರ್ಯ.

ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯವನ್ನು ಇಲ್ಲಿ ಗಮನಿಸಬೇಕು. ಈ ಶಾಸನವು ಬೇರೆ ಶಾಸನಗಳಿಗೆ ಹೆಚ್ಚುವರಿಯಾಗಿದೆಯೇ ಹೊರತು ಅವುಗಳ ಅಲ್ಪೀಕರಣಕ್ಕಲ್ಲ ಎಂಬುದು ಆ ವಾಕ್ಯದ ಭಾವ. ೧೯೮೬ರ ಗ್ರಾಹಕರ ಸಂರಕ್ಷಣಾ ಶಾಸನದ ೩ನೆಯ ಪ್ರಕರಣದಲ್ಲಿ ಇದಿತ್ತು. ಅದರ ಸ್ಥಾನದಲ್ಲಿ ಬಂದ ೨೦೧೯ರ ಶಾಸನದ ೧೦೦ನೆಯ ಪ್ರಕರಣದಲ್ಲೂ ಇದೆ. ಕಣ್ಣಿಗೆ ಶುಷ್ಕವಾಗಿ ಕಾಣುವ ಈ ವಾಕ್ಯ ರೈತರಿಗೆ ಎಷ್ಟು ಉಪಕಾರ ಮಾಡಿತೆಂಬುದಕ್ಕೆ ೨೦೧೨ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪೊಂದು ಸಾಕ್ಷಿ. ಆಂಧ್ರಪ್ರದೇಶದ ರೈತರು ರಾಷ್ಟ್ರೀಯ ಬೀಜ ನಿಗಮದಿಂದ ಬೀಜ ಕೊಂಡಿದ್ದರು. ಬೆಳೆ ಸರಿಯಾಗಿ ಬರಲಿಲ್ಲವೆಂದು, ಬೀಜದ ದೋಷವನ್ನು ಹೇಳಿ, ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಿದರು. ಬೀಜಗಳಿಗೆ ೧೯೬೬ರ ಪ್ರತ್ಯೇಕ ಶಾಸನವಿರುವುದರಿಂದ ಗ್ರಾಹಕರ ವೇದಿಕೆಗೆ ಇದನ್ನು ವಿಚಾರಿಸುವ ಅಧಿಕಾರವಿಲ್ಲವೆಂಬ ವಾದ ಬಂತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಗ್ರಾಹಕರ ಶಾಸನ ಕೊಡುವ ಪರಿಹಾರ ಹೆಚ್ಚುವರಿಯಾದದ್ದು. ಬೇರೊಂದು ಶಾಸನವಿದೆ ಎಂಬ ಕಾರಣಕ್ಕೆ ಈ ಬಾಗಿಲು ಮುಚ್ಚುವುದಿಲ್ಲ ಎಂದು ರೈತರ ಪರವಾಗಿ ಹೇಳಿತು. ಒಂದು ಸಾಲಿನ ಬಲ ಇಷ್ಟು.

ರಾಷ್ಟ್ರಕ್ಕೆ ಆಪತ್ತು ಬಂದಾಗ

ಇನ್ನು ಈ ಶಬ್ದದ ಅತಿ ಗಂಭೀರವಾದ ಪ್ರಯೋಗಕ್ಕೆ ಬರುತ್ತೇನೆ. ಯುದ್ಧವೋ ದಂಗೆಯೋ ಬಂದು ರಾಷ್ಟ್ರದ ಬದುಕೇ ಅಲುಗಾಡುವಾಗ, ಸರ್ಕಾರವು ಮನುಷ್ಯರ ಹಕ್ಕುಗಳನ್ನು ಸ್ವಲ್ಪ ಕಾಲ ಅಲ್ಪಗೊಳಿಸಬಹುದೆ? ಎರಡನೆಯ ಮಹಾಯುದ್ಧದ ತರುವಾಯ ಈ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಲು ರಾಷ್ಟ್ರಗಳು ಪ್ರಯತ್ನಿಸಿದವು. ೧೯೫೦ರ ನವೆಂಬರ್ ೪ರಂದು ರೋಮಿನಲ್ಲಿಯೇ ಸಹಿಯಾಗಿ ೧೯೫೩ರಲ್ಲಿ ಜಾರಿಗೆ ಬಂದ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ೧೫ನೆಯ ಅನುಚ್ಛೇದವೂ, ವಿಶ್ವಸಂಸ್ಥೆಯು ೧೯೬೬ರಲ್ಲಿ ಅಂಗೀಕರಿಸಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ೪ನೆಯ ಅನುಚ್ಛೇದವೂ ಡಿರೊಗೇಷನ್ನಿಗೆ ಮೀಸಲಾಗಿವೆ. ಎರಡನೆಯದಕ್ಕೆ ಭಾರತವು ೧೯೭೯ರ ಏಪ್ರಿಲ್ ೧೦ರಂದು ಸೇರಿಕೊಂಡಿತು.

ಆ ಉತ್ತರ ಹೀಗಿದೆ: ಅಲ್ಪಗೊಳಿಸಬಹುದು, ಆದರೆ ಕಟ್ಟುಪಾಡುಗಳುಂಟು. ರಾಷ್ಟ್ರದ ಜೀವಕ್ಕೇ ಅಪಾಯವಾಗುವಂಥ ಆಪತ್ತು ನಿಜವಾಗಿಯೂ ಇರಬೇಕು. ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ ಅದನ್ನು ಬಹಿರಂಗವಾಗಿ ಘೋಷಿಸಬೇಕು. ಪರಿಸ್ಥಿತಿಗೆ ಎಷ್ಟು ಅವಶ್ಯವೋ ಅಷ್ಟನ್ನು ಮಾತ್ರ ಕಳೆಯಬೇಕು. ಜನಾಂಗ, ವರ್ಣ, ಲಿಂಗ, ಭಾಷೆ, ಮತ, ಸಾಮಾಜಿಕ ಮೂಲ ಇವುಗಳನ್ನೇ ಕಾರಣ ಮಾಡಿಕೊಂಡು ಭೇದವೆಣಿಸಬಾರದು. ಯಾವ ಹಕ್ಕನ್ನು ಅಲ್ಪಗೊಳಿಸಿದೆವು, ಏಕೆ ಎಂಬುದನ್ನು ಇತರ ರಾಷ್ಟ್ರಗಳಿಗೆ ತಿಳಿಸಬೇಕು. ಮುಗಿದಾಗ ಮುಗಿಯಿತೆಂದೂ ತಿಳಿಸಬೇಕು. ಇದಲ್ಲದೆ ಕೆಲವು ಹಕ್ಕುಗಳನ್ನು ಎಂಥ ಆಪತ್ತಿನಲ್ಲೂ ಮುಟ್ಟಬಾರದು. ಮನಬಂದಂತೆ ಪ್ರಾಣ ತೆಗೆಯಬಾರದು, ಚಿತ್ರಹಿಂಸೆ ಮಾಡಬಾರದು, ಗುಲಾಮಗಿರಿಯಲ್ಲಿ ಇಡಬಾರದು, ಮಾಡಿದಾಗ ಅಪರಾಧವಲ್ಲದ ಕೃತ್ಯಕ್ಕೆ ಆಮೇಲೆ ಶಿಕ್ಷೆ ವಿಧಿಸಬಾರದು. ಕರಾರಿನಂತೆ ನಡೆಯಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಸೆರೆಗೆ ಹಾಕಬಾರದು ಎಂಬುದೂ ವಿಶ್ವಸಂಸ್ಥೆಯ ಪಟ್ಟಿಯಲ್ಲಿದೆ. ಸಿಸೆರೊ ಹೇಳಿದ ಅಲ್ಪಗೊಳಿಸಲಾಗದ ಧರ್ಮವು ಇಲ್ಲಿ ಶಾಸನದ ರೂಪ ತಾಳಿತು.

ಈ ಕಟ್ಟುಪಾಡುಗಳು ಕಾಗದದ ಮೇಲಿನವು ಮಾತ್ರವೆ? ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ತೀರ್ಮಾನಿಸಿದ ಮೊದಲನೆಯ ಮೊಕದ್ದಮೆಯೇ ಡಿರೊಗೇಷನ್ನಿಗೆ ಸಂಬಂಧಿಸಿದ್ದು. ಐರ್ಲೆಂಡಿನಲ್ಲಿ ೧೯೫೭ರಲ್ಲಿ ಒಬ್ಬನನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿದ್ದರು. ೧೯೬೧ರ ತೀರ್ಪಿನಲ್ಲಿ ನ್ಯಾಯಾಲಯವು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆದರೆ ಆಪತ್ತು ಇತ್ತೇ ಎಂಬುದನ್ನು ಪರಿಶೀಲಿಸುವ ಅಧಿಕಾರ ತನಗಿದೆಯೆಂದು ಸ್ಥಾಪಿಸಿತು. ಬ್ರಿಟನ್ನಿನಲ್ಲಿ ೨೦೦೧ರ ಭಯೋತ್ಪಾದಕ ಕೃತ್ಯಗಳ ತರುವಾಯ, ಸಂಶಯಕ್ಕೊಳಗಾದ ಪರದೇಶೀಯರನ್ನು ವಿಚಾರಣೆಯಿಲ್ಲದೆ, ಅವಧಿಯಿಲ್ಲದೆ ಬಂಧನದಲ್ಲಿಡಲು ಡಿರೊಗೇಷನ್ ಹೊರಡಿಸಿದರು. ೨೦೦೪ರ ಡಿಸೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು ಎಂಟು ಮಂದಿಯ ಬಹುಮತದಿಂದ ಅದನ್ನು ತಳ್ಳಿಹಾಕಿತು. ಅಷ್ಟೇ ಸಂಶಯವಿರುವ ಬ್ರಿಟಿಷ್ ಪ್ರಜೆಯನ್ನು ಹೊರಗೆ ಬಿಟ್ಟು ಪರದೇಶೀಯನನ್ನು ಮಾತ್ರ ಒಳಗಿಡುವುದು ಭೇದಭಾವವೆಂದೂ, ಅವಶ್ಯಕ್ಕಿಂತ ಹೆಚ್ಚಿನದೆಂದೂ ಸಾರಿತು.

ನಮ್ಮ ದೇಶದ ಅನುಭವ

ನಮ್ಮ ಸಂವಿಧಾನದಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ೧೯ನೆಯ ಅನುಚ್ಛೇದದ ಸ್ವಾತಂತ್ರ್ಯಗಳ ಮೇಲೆ ಸಕಾರಣವಾದ ನಿರ್ಬಂಧಗಳನ್ನು ಹಾಕಬಹುದು. ಇದು ದಿನನಿತ್ಯದ ಮಾತು, ಹೊಲಕ್ಕೆ ಬದು ಇದ್ದ ಹಾಗೆ. ತುರ್ತುಪರಿಸ್ಥಿತಿಯ ೩೫೮ ಮತ್ತು ೩೫೯ನೆಯ ಅನುಚ್ಛೇದಗಳ ಮಾತು ಬೇರೆ. ಅಲ್ಲಿ ಹಕ್ಕಿನ ಬಲವನ್ನೇ ಸ್ವಲ್ಪ ಕಾಲ ಹಿಂತೆಗೆಯಲಾಗುತ್ತದೆ. ಡಿರೊಗೇಷನ್ ಎಂಬ ಹೆಸರು ಈ ಎರಡನೆಯದಕ್ಕೆ ಸಲ್ಲುತ್ತದೆ.

೧೯೭೫ರ ಜೂನ್ ೨೫ರಂದು ಆಂತರಿಕ ಕ್ಷೋಭೆಯ ಕಾರಣ ಹೇಳಿ ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ಜೂನ್ ೨೭ರ ರಾಷ್ಟ್ರಪತಿಗಳ ಆಜ್ಞೆಯು ೧೪, ೨೧ ಮತ್ತು ೨೨ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಹಿಡಿಯಿತು. ಇಲ್ಲಿನ ಸೂಕ್ಷ್ಮವನ್ನು ಗಮನಿಸಬೇಕು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ರದ್ದು ಮಾಡಿದೆವೆಂದು ಯಾರೂ ಹೇಳಲಿಲ್ಲ. ಪುಸ್ತಕದಲ್ಲಿ ೨೧ನೆಯ ಅನುಚ್ಛೇದ ಹಾಗೆಯೇ ಇತ್ತು. ಅದನ್ನು ಹಿಡಿದುಕೊಂಡು ತಟ್ಟಬೇಕಾದ ಬಾಗಿಲನ್ನು ಮಾತ್ರ ಮುಚ್ಚಿದರು. ಆಗ ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕದ ಹೈಕೋರ್ಟಿಗೆ ಅರ್ಜಿ ಹಾಕಿದರು. ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದು ಹಲವು ಹೈಕೋರ್ಟುಗಳು ಹೇಳಿದವು. ಆದರೆ ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಜಬಲ್ಪುರದ ಮೊಕದ್ದಮೆಯೆಂದು ಪ್ರಸಿದ್ಧವಾದ ತೀರ್ಪಿನಲ್ಲಿ, ನಾಲ್ವರ ಬಹುಮತದಿಂದ, ಆ ಆಜ್ಞೆ ಇರುವತನಕ ಬಂಧಿತರು ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರುವಂತಿಲ್ಲವೆಂದಿತು.

ಒಪ್ಪದವರು ಒಬ್ಬರೇ: ನ್ಯಾಯಮೂರ್ತಿ ಹಂಸರಾಜ್ ಖನ್ನಾ. ಜೀವ ಮತ್ತು ಸ್ವಾತಂತ್ರ್ಯಗಳ ಹಕ್ಕಿಗೆ ೨೧ನೆಯ ಅನುಚ್ಛೇದವೊಂದೇ ಆಶ್ರಯವಲ್ಲ. ಅದು ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಳೆಯಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂದು ಅವರು ಬರೆದರು. ೧೯೭೭ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸ್ಥಾನ ಅವರಿಗೆ ತಪ್ಪಿ, ಅವರಿಗಿಂತ ಕಿರಿಯರಿಗೆ ದೊರೆಯಿತು. ಅವರು ರಾಜೀನಾಮೆ ಕೊಟ್ಟರು.

ಆದರೆ ಕಾಲವು ಅವರ ಪಕ್ಷವನ್ನೇ ವಹಿಸಿತು. ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿಯು, ತುರ್ತುಪರಿಸ್ಥಿತಿಯಲ್ಲೂ ೨೦ ಮತ್ತು ೨೧ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವುದನ್ನು ತಡೆಯಕೂಡದೆಂದು ವಿಧಿಸಿತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಮಾತನ್ನು ತೆಗೆದು ‘ಸಶಸ್ತ್ರ ದಂಗೆ’ ಎಂಬ ಬಿಗಿಯಾದ ಮಾತನ್ನು ಇಟ್ಟಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ ಜಬಲ್ಪುರದ ತೀರ್ಪನ್ನು ತಳ್ಳಿಹಾಕಿ, ಖನ್ನಾ ಅವರ ಅಭಿಪ್ರಾಯವೇ ಸರಿಯೆಂದಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

ಉಪಸಂಹಾರ

ನಿಯಮಗಳನ್ನು ಎಂದೂ ಸಡಿಲಿಸಬಾರದೆಂದು ನಾನು ವಾದಿಸುತ್ತಿಲ್ಲ. ಬಾಗದ ನಿಯಮ ಮುರಿಯುತ್ತದೆ. ಸಸಿಮಡಿ ನಿಜವಾಗಿ ಒಣಗುತ್ತಿದ್ದರೆ ಒಂದು ದಿನದ ನೀರು ಕೊಡುವುದು ಧರ್ಮವೇ. ಆದರೆ ಡಿರೊಗೇಷನ್ ಶಬ್ದದ ಇತಿಹಾಸವು ನಮಗೆ ನಾಲ್ಕು ಪ್ರಶ್ನೆಗಳನ್ನು ಕಲಿಸುತ್ತದೆ. ಯಾರನ್ನು ಕೇಳಿ ಸಡಿಲಿಸಿದಿರಿ? ಎಷ್ಟನ್ನು ಸಡಿಲಿಸಿದಿರಿ? ಎಲ್ಲಿಯವರೆಗೆ? ಯಾವುದನ್ನು ಮುಟ್ಟಲಿಲ್ಲ? ಈ ನಾಲ್ಕಕ್ಕೂ ಉತ್ತರವಿದ್ದರೆ ಅದು ಕಾನೂನಿನ ಒಳಗಿನ ಸಡಿಲಿಕೆ. ಉತ್ತರವಿಲ್ಲದಿದ್ದರೆ, ಹೆಸರು ಏನೇ ಇರಲಿ, ಅದು ಕಸಿದುಕೊಳ್ಳುವುದೇ.

ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು, ನನ್ನ ಹಾಗೆ, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು. ರಜೆಯಲ್ಲಿ ಊರಿಗೆ ಹೋದರೆ ಬ್ಯಾಂಕಿನ ನೋಟೀಸು, ತಾಲ್ಲೂಕು ಕಚೇರಿಯ ಕಾಗದ, ಸೊಸೈಟಿಯ ಪತ್ರ ಎಲ್ಲವನ್ನೂ ನಮ್ಮ ಮುಂದೆ ತಂದಿಟ್ಟು, ‘ಓದಿದವನು ನೀನು, ಏನು ಬರೆದವ್ರೆ ಹೇಳು’ ಎನ್ನುತ್ತಾರೆ. ಅಂಥ ಕಾಗದಗಳಲ್ಲಿ ‘ರದ್ದು’ ಎಂಬ ಮಾತು ದೊಡ್ಡ ಅಕ್ಷರದಲ್ಲಿ ಬರುವುದು ಅಪರೂಪ. ‘ಪರಂತು’, ‘ಒಳಪಟ್ಟು’, ‘ಹೊರತುಪಡಿಸಿ’ ಎಂಬ ಚಿಕ್ಕ ಚಿಕ್ಕ ಮಾತುಗಳಲ್ಲಿ ದೊಡ್ಡ ದೊಡ್ಡ ಸಂಗತಿಗಳು ಕೂತಿರುತ್ತವೆ. ಅವುಗಳನ್ನು ಬಿಡದೆ ಓದಿ, ಇದರಲ್ಲಿ ನಿಮಗೆ ಉಳಿದದ್ದು ಇಷ್ಟು, ಹೋದದ್ದು ಇಷ್ಟು, ಹೋದದ್ದರ ವಿಷಯದಲ್ಲಿ ನಿಮ್ಮನ್ನು ಕೇಳಬೇಕಾಗಿತ್ತು ಎಂದು ನಮ್ಮ ಹಿರಿಯರಿಗೆ ತಿಳಿಯುವ ಕನ್ನಡದಲ್ಲಿ ಹೇಳುವುದಕ್ಕೆ ನಮ್ಮ ವಿದ್ಯೆ ಉಪಯೋಗವಾಗಲಿ.